ಕಾಲ್ನಡಿಗೆಯ ರಾಜಧಾನಿಯಲ್ಲಿ ಒಂದು ದಿನ

ರಾಜಧಾನಿ ಎಂದೊಡನೆ ವಿಶಾಲವಾದ ರಾಜಪಥಗಳೂ ವಾಹನಗಳ ಮಹಾಪೂರವೂ ಕಣ್ಣೆದುರು ನಿಲ್ಲುವುದು ಮಹಾನಗರವಾಸಿಗಳಿಗೆ ಸಹಜ. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾ ಈ ಕಲ್ಪನೆಗೊಂದು ಅಪವಾದ. 1991ರಲ್ಲಿ ಸ್ವತಂತ್ರವಾದ ಈ ದೇಶದ ಜನಸಂಖ್ಯೆ ಸುಮಾರು 21 ಲಕ್ಷ; ರಾಜಧಾನಿಯದು 3 ಲಕ್ಷದ ಆಸುಪಾಸು. ಮುಂಬಯಿಯ ಒಂದು ಉಪನಗರದ ಮುಂದೆಯೂ ಇದು ಚಿಕ್ಕದೇ.

ಮಾಟುಂಗದಲ್ಲಿ ಮೂವತ್ತು ವರ್ಷ ಸಂಸಾರ ನಡೆಸಿದ ಕನ್ನಡ ದಂಪತಿಗಳು ಪ್ರವಾಸದ ನಡುವೆ ಇಲ್ಲಿ ಒಂದು ದಿನ ಕಳೆದರು. ಪತಿಗೆ ಮಧುಮೇಹ. 'ದಿನವೂ ನಡೆಯಿರಿ' ಎಂಬ ವೈದ್ಯರ ಸಲಹೆಗೆ 'ಎಲ್ಲಿ ನಡೆಯಲಿ, ಡಾಕ್ಟರೇ?' ಎಂಬುದೇ ಅವರ ಉತ್ತರವಾಗಿತ್ತು. ಪತ್ನಿಗೆ ಮಂಡಿನೋವು. ಪತಿಯ ಜೇಬಿನಲ್ಲಿ ಒಂಬತ್ತು ಸ್ಥಳಗಳ ಪಟ್ಟಿ. ಪ್ರತಿಯೊಂದಕ್ಕೂ ನಿಮಿಷಗಳ ಲೆಕ್ಕ. ಲೋಕಲ್ ಗಾಡಿಯ ಶಿಸ್ತು ಅಷ್ಟು ಸುಲಭವಾಗಿ ಬಿಡುವುದೇ?

ಮೊದಲು ಕಂಡದ್ದು 1901ರ ಡ್ರ್ಯಾಗನ್ ಸೇತುವೆ. ನಾಲ್ಕು ಮೂಲೆಗಳಲ್ಲೂ ರೆಕ್ಕೆಯುಳ್ಳ ಹಸಿರು ಡ್ರ್ಯಾಗನ್‌ಗಳು. "ನಮ್ಮ ದೇವಸ್ಥಾನದ ಯಾಳಿಗೆ ರೆಕ್ಕೆ ಮೂಡಿದ ಹಾಗಿದೆಯಲ್ಲ, ರೀ!" ಎಂದರು ಪತ್ನಿ. ಪತಿ ಗಡಿಯಾರ ನೋಡಿದರು.

ನದೀತೀರದ ಮಾರುಕಟ್ಟೆಯನ್ನು ದಾಟಿದರೆ ತ್ರಿಸೇತುವೆ. 1842ರ ಕಲ್ಲಿನ ಸೇತುವೆ ಇಕ್ಕಟ್ಟಾದಾಗ, ಈ ಊರಿನವರೇ ಆದ ವಾಸ್ತುಶಿಲ್ಪಿ ಯೋಝೆ ಪ್ಲೆಚ್ನಿಕ್ ಅದನ್ನು ಕೆಡವಲಿಲ್ಲ. ಎರಡೂ ಪಕ್ಕಗಳಲ್ಲಿ ಪಾದಚಾರಿಗಳಿಗೆಂದೇ ಒಂದೊಂದು ಸೇತುವೆಯನ್ನು ಸೇರಿಸಿದರು. ಕೆಲಸ ಮುಗಿದದ್ದು 1932ರಲ್ಲಿ. 2007ರಿಂದ ಈ ಮೂರೂ ಸೇತುವೆಗಳು ಮೋಟಾರು ವಾಹನಗಳಿಗೆ ನಿಷಿದ್ಧ. ಹಳೆಯ ಪೇಟೆಯ ಬೀದಿಗಳೂ ಬಹುಮಟ್ಟಿಗೆ ನಡೆಯುವವರ ಪಾಲಿಗೇ ಸಂದಿವೆ. 2016ರಲ್ಲಿ ಈ ನಗರ 'ಯುರೋಪಿನ ಹಸಿರು ರಾಜಧಾನಿ' ಎಂಬ ಮನ್ನಣೆ ಪಡೆಯಿತು.

ಸೇತುವೆಯ ತುದಿಯ ಚೌಕದಲ್ಲಿ ಎತ್ತರವಾಗಿ ನಿಂತಿರುವುದು ಅರಸನಲ್ಲ, ಸೇನಾನಿಯೂ ಅಲ್ಲ. ಸ್ಲೊವೇನಿಯಾದ ಮಹಾಕವಿ ಫ್ರಾನ್ಸೆ ಪ್ರೆಶೆರೆನ್. ಅವನ ನಿಧನದ ದಿನವಾದ ಫೆಬ್ರುವರಿ 8 ಇಡೀ ದೇಶಕ್ಕೆ ಸಾಂಸ್ಕೃತಿಕ ರಜಾದಿನ. ಅವನ ದೃಷ್ಟಿ ನೆಟ್ಟ ಕಡೆ, ಎದುರಿನ ಮನೆಯ ಗೋಡೆಯ ಮೇಲೆ, ಅವನು ಪ್ರೀತಿಸಿದರೂ ಅವನಿಗೆ ಒಲಿಯದ ಯೂಲಿಯಾಳ ಶಿಲ್ಪವಿದೆ. "ಪಾಪ, ಇನ್ನೂ ನೋಡುತ್ತಲೇ ಇದ್ದಾನೆ," ಎಂದರು ಪತಿ. "ನೀವು ನನ್ನನ್ನು ಹಾಗೆ ಎಂದಾದರೂ ನೋಡಿದ್ದುಂಟೇ?" ಎಂಬ ಮರುಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನ ಶ್ತ್ರುಕ್ಲಿ ಎಂಬ ತಿನಿಸು. ಹಿಟ್ಟಿನ ಹಾಳೆಯಲ್ಲಿ ಗಿಣ್ಣನ್ನೋ ಆಕ್ರೋಟನ್ನೋ ಸುತ್ತಿ ಬೇಯಿಸಿದ್ದು. "ಕಡುಬಿನ ದೂರದ ನೆಂಟ" ಎಂದು ಪತ್ನಿ ನಿರ್ಣಯಿಸಿದರು. ಊಟದ ಮೇಲೆ ಬೆಟ್ಟದ ಕೋಟೆ. ಮಂಡಿಯ ದೆಸೆಯಿಂದ ಪತ್ನಿ ಹಳಿಯ ಮೇಲೇರುವ ಗಾಜಿನ ಬೋಗಿಯಲ್ಲಿ ಕುಳಿತು ಕ್ಷಣದಲ್ಲಿ ಮೇಲೆ ಮುಟ್ಟಿದರು. ಪತಿ ಮರಗಳ ನೆರಳಿನ ಕಾಲುದಾರಿ ಹಿಡಿದು, ಇಪ್ಪತ್ತು ನಿಮಿಷಗಳ ಬಳಿಕ ಬೆವರೊರೆಸುತ್ತ ಬಂದರು. "ಗಾಡಿ ತಡವಾಯಿತೇ?" ಎಂದು ಸ್ವಾಗತ ದೊರೆಯಿತು.

ಸಂಜೆ ನದಿಯ ದಂಡೆಯಲ್ಲಿ ಅವರ ಲಕ್ಷ್ಯಕ್ಕೆ ಬಂದದ್ದು ಒಂದು ಸಣ್ಣ ಸಂಗತಿ. ಮುಂಬಯಿಯ ಜನಜಂಗುಳಿಯಲ್ಲಿ ಪತಿ ಮುಂದೆ, ಪತ್ನಿ ಹಿಂದೆ ನಡೆದೇ ಮೂವತ್ತು ವರ್ಷ ಸಂದಿತ್ತು; ಇಲ್ಲಿ ಇಡೀ ದಿನ ಇಬ್ಬರೂ ಅಕ್ಕಪಕ್ಕದಲ್ಲಿದ್ದರು. ಕೋಟೆಯ ಏರೊಂದನ್ನುಳಿದು ಎಲ್ಲೂ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಬೇಕಾಗಿರಲಿಲ್ಲ. ಒಂಬತ್ತರಲ್ಲಿ ಕಂಡದ್ದು ನಾಲ್ಕೇ ಸ್ಥಳ. ಪಟ್ಟಿಯನ್ನು ಪತಿ ಮಡಿಸಿಟ್ಟರು.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ, ಉದಾಹರಣೆಗೆ ಚುರುಕಾದ ನಡಿಗೆ, ಅವಶ್ಯವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಒಂದು ದಿನದ ಸುತ್ತಾಟ ಮಧುಮೇಹವನ್ನು ಗುಣಪಡಿಸದು, ನಿಜ. ಆದರೆ ನಡೆಯೆಂದು ಹೇಳುವ ವೈದ್ಯನಷ್ಟೇ, ನಡೆಯಲು ದಾರಿ ಬಿಡುವ ನಗರವೂ ಆರೋಗ್ಯಕ್ಕೆ ಬೇಕೆಂಬುದನ್ನು ಆ ಪುಟ್ಟ ರಾಜಧಾನಿ ತೋರಿಸಿಕೊಟ್ಟಿತು.

ಈಗ ಮಾಟುಂಗದ ಫೈವ್ ಗಾರ್ಡನ್ಸ್ ಕಡೆ ಅವರಿಬ್ಬರ ಸಂಜೆಯ ನಡಿಗೆ. ದಾರಿ ಕಿರಿದಾದಲ್ಲಿ ಪತಿ ನಿಲ್ಲುತ್ತಾರೆ. ಪತ್ನಿ ಜೊತೆಗೂಡಿದ ಮೇಲೆಯೇ ಮುಂದಿನ ಹೆಜ್ಜೆ.