ಇಂಟರ್ನ್‌ಶಿಪ್ ಮುಗಿಯದೆ ಓದು ಮುಗಿಯದು

ನಮ್ಮ ಮೊಹಲ್ಲಾಗಳಿಗೆ ಆಸ್ಪತ್ರೆ ಕೆಲಸದ ಓದು ಈಗ ಹೊಸತಲ್ಲ. ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಅಂತ ಮಕ್ಕಳು ಬೆಳಿಗ್ಗೆ ಮಂಗಳೂರು, ದೇರಳಕಟ್ಟೆ ಬಸ್ಸು ಹತ್ತುತ್ತಾರೆ. ಹೆಣ್ಣುಮಕ್ಕಳೂ ಧಾರಾಳ ಇದ್ದಾರೆ. ಸಂತೋಷವೇ. ಆದರೆ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ನಾವು ಉಸ್ತಾದರುಗಳು ಕೇಳುವ ಮಾತೊಂದುಂಟು: "ಪಾಸಾಯಿತಲ್ಲ ಉಸ್ತಾದೇ, ಇನ್ನು ಇಂಟರ್ನ್‌ಶಿಪ್ ಎಂತಕ್ಕೆ? ಒಳ್ಳೆಯ ಸಂಬಂಧ ಬಂದಿದೆ, ನಿಕಾಹ್ ಮಾಡಿ ಬಿಡುವ."

ಇಂಟರ್ನ್‌ಶಿಪ್ ಎಂದರೆ ಓದಿನ ಬಾಲ ಅಲ್ಲ, ಓದಿನದ್ದೇ ಭಾಗ. ಎಂಬಿಬಿಎಸ್ ಮಾಡಿದವರಿಗೆ ಪರೀಕ್ಷೆ ಆದ ಮೇಲೆ ತಾತ್ಕಾಲಿಕ ನೋಂದಣಿ ಮಾತ್ರ ಸಿಗುತ್ತದೆ. 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿದ ಮೇಲೆಯೇ ಕಾಯಂ ನೋಂದಣಿ. ಆಯುರ್ವೇದ, ಹೋಮಿಯೋಪಥಿ ಕೋರ್ಸುಗಳಲ್ಲೂ ಒಂದು ವರ್ಷ ಕಡ್ಡಾಯ. ಡಿ.ಫಾರ್ಮಾ ಮಕ್ಕಳಿಗೆ ಮೂರು ತಿಂಗಳಿಗೆ ಕಡಿಮೆಯಾಗದಂತೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಆಗಲೇಬೇಕು. ನಡುವೆ ಬಿಡಿಸಿದರೆ ಅಷ್ಟು ವರ್ಷದ ಫೀಸು, ನಿದ್ದೆಗೆಟ್ಟ ರಾತ್ರಿಗಳು ಎಲ್ಲ ಕಪಾಟಿನೊಳಗೆ ಉಳಿಯುತ್ತವೆ. ನಿಕಾಹ್ ಬೇಡ ಎಂದು ಯಾರೂ ಹೇಳುವುದಿಲ್ಲ. ಮಾತುಕತೆಯ ದಿನವೇ ಹುಡುಗನ ಮನೆಯವರ ಹತ್ತಿರ, "ಇಷ್ಟು ತಿಂಗಳು ಬಾಕಿ ಉಂಟು, ಮುಗಿಸಲು ಬಿಡಬೇಕು" ಎಂದು ಸ್ಪಷ್ಟವಾಗಿ ಹೇಳಿದರೆ ಆಯಿತು.

ಇನ್ನೊಂದು ಅಡ್ಡದಾರಿ, ಪರಿಚಯದ ಮೆಡಿಕಲ್ ಶಾಪಿನಿಂದಲೋ ಕ್ಲಿನಿಕ್ಕಿನಿಂದಲೋ ಬರೀ ಸಹಿ, ಸೀಲು ಹಾಕಿಸಿಕೊಳ್ಳುವುದು. ಇದು ಸುಳ್ಳು ಸಾಕ್ಷಿ. ಲೌಕಿಕವಾಗಿಯೂ ಲಾಭ ಇಲ್ಲ. ಸೌದಿ, ದುಬೈಗಳಲ್ಲಿ ಆಸ್ಪತ್ರೆ ಕೆಲಸಕ್ಕೆ ಲೈಸೆನ್ಸ್ ಬೇಕಾದರೆ ಡೇಟಾಫ್ಲೋ ಎಂಬ ಪರಿಶೀಲನೆ ಉಂಟು. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯನ್ನೇ ನೇರವಾಗಿ ಕೇಳುತ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಗಲ್ಫಿನ ಬಾಗಿಲೇ ಮುಚ್ಚಿಹೋಗಬಹುದು. ಅದಕ್ಕಿಂತ ದೊಡ್ಡದು, ಕೈ ಪಳಗದವರು ಕೊಡುವ ಔಷಧಿ ಯಾರದೋ ಉಮ್ಮನ ಹೊಟ್ಟೆಗೆ ಹೋಗುತ್ತದೆ ಎಂಬುದು.

ಪುಸ್ತಕದಲ್ಲಿ ಸಿಗದ್ದು ವಾರ್ಡಿನಲ್ಲಿ ಸಿಗುತ್ತದೆ. ಬ್ಯಾರಿ ಬಿಟ್ಟು ಬೇರೆ ಭಾಷೆ ಸರಿಯಾಗಿ ಬಾರದ ನಮ್ಮ ಅಜ್ಜಿಯಂದಿರು ಡಾಕ್ಟರ ಎದುರು ನೋವು ಎಲ್ಲಿ ಎಂದು ಹೇಳಲಾಗದೆ ಕೂರುತ್ತಾರೆ. ಬ್ಯಾರಿ, ತುಳು, ಕನ್ನಡ ಮೂರೂ ಬಲ್ಲ ನಮ್ಮ ಹುಡುಗಿ ಅಲ್ಲಿ ನಿಂತರೆ ಕಾಯಿಲೆಯ ಅರ್ಧ ಕತೆ ಹೊರಗೆ ಬರುತ್ತದೆ. ಹಾಗೆ ಕೇಳಿಸಿಕೊಳ್ಳುವುದೇ ಇಂಟರ್ನ್ ಕಲಿಯುವ ಮೊದಲ ಪಾಠ.

ಮನೆಯವರು ಮಾಡಬೇಕಾದ್ದೂ ಉಂಟು. ವಾರ್ಡಿಗೆ ಇಳಿಯುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಆಗಿರಲಿ. ಸಾಮಾನ್ಯವಾಗಿ ಮೂರು ಡೋಸ್, ಮೊದಲನೆಯದಕ್ಕೂ ಕೊನೆಯದಕ್ಕೂ ಆರು ತಿಂಗಳ ಅಂತರ. ಹಾಗಾಗಿ ಕೊನೆ ಗಳಿಗೆಗೆ ಇಡಬೇಡಿ. ಬಳಸಿದ ಸೂಜಿ ಚುಚ್ಚಿದರೆ ಬೈಯುತ್ತಾರೆಂದು ಮಕ್ಕಳು ಮುಚ್ಚಿಡುವುದುಂಟು. ಕೂಡಲೇ ಸೋಪು, ನೀರಿನಿಂದ ತೊಳೆದು ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನೈಟ್ ಡ್ಯೂಟಿ ಎಷ್ಟು ದಿನ, ಹಾಸ್ಟೆಲ್ ಉಂಟಾ, ಸ್ಟೈಪೆಂಡ್ ಸಿಗುತ್ತದಾ, ನಮಾಝಿಗೆ ಜಾಗ ಎಲ್ಲಿ, ಇವನ್ನೆಲ್ಲ ಸೇರುವ ಮೊದಲೇ ವಿಚಾರಿಸಿ. ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದ ಮಗಳನ್ನು ಮಲಗಲು ಬಿಡಿ. ಅಡಿಗೆ ಕೆಲಸ ಆಮೇಲೆ.

ಮತ್ತೊಂದು ಮಾತು, ಸ್ವಲ್ಪ ಖಾರ ಆದರೂ ಹೇಳಲೇಬೇಕು. "ಇಂಥವರ ಸೊಸೆ ಅಡ್ಮಿಟ್ ಅಂತೆ, ಎಂತ ಕಾಯಿಲೆ?" ಎಂದು ಇಂಟರ್ನ್ ಮಕ್ಕಳನ್ನು ಕೇಳುವ ಚಾಳಿ ನಮ್ಮಲ್ಲಿ ಉಂಟು. ರೋಗಿಯ ಗುಟ್ಟು ಅಮಾನತ್. ಮಗು ಉತ್ತರ ಕೊಡದಿದ್ದರೆ ಅಹಂಕಾರ ಎನ್ನಬೇಡಿ. ಆ ಮಗು ಕಲಿಯುತ್ತಿದೆ ಎಂದು ತಿಳಿಯಿರಿ. ಮದುವೆ ಮನೆಯಲ್ಲಿ ಹಿಡಿದು ನಿಲ್ಲಿಸಿ ಮಾತ್ರೆ ಬರೆಸಿಕೊಳ್ಳುವುದೂ ಬೇಡ.

ಫೀಸಿಗೆ ಸಹಾಯ ಮಾಡುವ ಜಮಾಅತ್‌ಗಳೂ ಸಂಘಟನೆಗಳೂ ನಮ್ಮಲ್ಲಿ ಇವೆ. ಇಂಟರ್ನ್‌ಶಿಪ್ ತಿಂಗಳುಗಳ ಹಾಸ್ಟೆಲ್, ಬಸ್ಸಿನ ಖರ್ಚನ್ನೂ ಅದೇ ಲೆಕ್ಕಕ್ಕೆ ಸೇರಿಸಲಿ. ಸ್ಟೈಪೆಂಡ್ ಇಲ್ಲದ ಬಡಮನೆಯ ಮಗು ನಿಂತುಹೋಗುವುದು ಹೆಚ್ಚಾಗಿ ಈ ಸಣ್ಣ ದುಡ್ಡಿಗೇ.