ಬೇಲಿಯೇ ಹೊಲ ಮೇಯುವ ಕಾಯಿಲೆ

ಬೀಳಗಿ ತಾಲ್ಲೂಕಿನ ಬಾಡಗಂಡಿಯ ಸುತ್ತಲಿನ ಯಾವುದೋ ಹಳ್ಳಿಯ, ಇಪ್ಪತ್ತೆರಡರ ಹರೆಯದ ಯುವತಿಯೊಬ್ಬಳನ್ನು ಊಹಿಸಿಕೊಳ್ಳಿ. ಮದುವೆಯಾಗಿ ವರ್ಷ ಕಳೆದಿದೆ. ಬೆಳಿಗ್ಗೆ ಏಳುವಾಗ ಬೆರಳಿನ ಕೀಲುಗಳು ಬಿಗಿದಿರುತ್ತವೆ. ಕಬ್ಬಿನ ಹೊಲದಿಂದ ಮರಳಿದ ದಿನ ಎರಡೂ ಕೆನ್ನೆ ಕೆಂಪಾಗುತ್ತವೆ. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಒಬ್ಬ ವೈದ್ಯರು ಸಂಧಿವಾತವೆಂದು ನೋವಿನ ಮಾತ್ರೆ ಕೊಡುತ್ತಾರೆ. ಇನ್ನೊಬ್ಬರು ರಕ್ತಹೀನತೆಯೆಂದು ಟಾನಿಕ್ ಬರೆಯುತ್ತಾರೆ. ಮೂರನೆಯವರು ಬಿಸಿಲಿನ ಬಂಗು ಎಂದು ಮುಲಾಮು ಕೊಡುತ್ತಾರೆ. ಮೂವರ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಮೂರು ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಲ್ಲ. ಕೊನೆಗೆ ಮುಖ, ಕಾಲುಗಳು ಬಾತು ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮೂತ್ರಪಿಂಡಗಳು ಬಹುಪಾಲು ಹಾಳಾಗಿರುತ್ತವೆ.

ಈ ಕಾಯಿಲೆಯ ಹೆಸರು ಲೂಪಸ್. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ತೋಳ. ಮುಖದ ಮೇಲಿನ ಹುಣ್ಣುಗಳು ತೋಳ ಕಚ್ಚಿದಂತೆ ಕಂಡಿದ್ದರಿಂದ ಯುರೋಪಿನ ಹಳೆಯ ವೈದ್ಯರು ಈ ಹೆಸರಿಟ್ಟರೆಂಬ ಪ್ರತೀತಿಯಿದೆ. ಹೆಸರು ಮಾತ್ರ ಕಾಯಿಲೆಗೆ ಒಪ್ಪುವುದಿಲ್ಲ. ತೋಳ ಹೊರಗಿನಿಂದ ಬರುವ ಶತ್ರು. ಲೂಪಸ್ ಒಳಗಿನಿಂದಲೇ ಹುಟ್ಟುವಂಥದು. ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುವುದು ಇದರ ಸ್ವರೂಪ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆ ಲ್ಯಾಟಿನ್ ಹೆಸರಿಗಿಂತ ಇದಕ್ಕೆ ಹೆಚ್ಚು ಹೊಂದುತ್ತದೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಅವರಲ್ಲಿ ಹೆಚ್ಚಿನವರು 15ರಿಂದ 45ರ ವಯೋಮಾನದವರು.

ಚರ್ಮ, ಕೀಲು, ರಕ್ತ, ಹೃದಯ, ಮೆದುಳು ಹೀಗೆ ಲೂಪಸ್ ಎಲ್ಲಿಗಾದರೂ ಲಗ್ಗೆ ಇಡಬಹುದು. ಆದರೆ ರೋಗಿಯ ಭವಿಷ್ಯ ಬಹುಮಟ್ಟಿಗೆ ನಿರ್ಧಾರವಾಗುವುದು ಮೂತ್ರಪಿಂಡದಲ್ಲಿ. ಪ್ರತಿ ಮೂತ್ರಪಿಂಡದಲ್ಲಿಯೂ ರಕ್ತ ಸೋಸುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ದೇಹದ್ದೇ ಡಿಎನ್‌ಎ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಈ ಜರಡಿಗಳಲ್ಲಿ ಸಿಕ್ಕಿಕೊಂಡು ಉರಿಯೂತ ಎಬ್ಬಿಸುತ್ತವೆ. ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಹರಿದುಹೋಗುತ್ತದೆ. ಮೂತ್ರದಲ್ಲಿ ನೊರೆ ಕಾಣಬಹುದು. ನೋವು ಮಾತ್ರ ಇರುವುದಿಲ್ಲ. ಲೂಪಸ್ ರೋಗಿಗಳಲ್ಲಿ ಸುಮಾರು ಶೇ 40ರಷ್ಟು ಮಂದಿಯ ಮೂತ್ರಪಿಂಡಕ್ಕೆ ರೋಗ ತಗಲುತ್ತದೆ. ಹೀಗೆ ತಗುಲಿದವರಲ್ಲಿ ಶೇ 10ರಿಂದ 30ರಷ್ಟು ಮಂದಿ ಮೂತ್ರಪಿಂಡಗಳನ್ನೇ ಕಳೆದುಕೊಳ್ಳುವ ಸ್ಥಿತಿಗೆ ತಲಪುತ್ತಾರೆ.

ದೇಹ ತನ್ನನ್ನೇ ನಾಶಮಾಡಿಕೊಳ್ಳಲು ಮುಂದಾಗದು ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ವಾದಿಸಿದ್ದರು. ಆ ನಂಬಿಕೆ ಅಲುಗಾಡಲು ಬಹಳ ಕಾಲ ಬೇಕಾಯಿತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಮಾಲ್ಕಮ್ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ, ಇನ್ನೊಂದು ಕೋಶದ ಕೇಂದ್ರವನ್ನು ನುಂಗಿದ ಬಿಳಿ ರಕ್ತಕಣಗಳನ್ನು ಗುರುತಿಸಿದರು. 1957ರಲ್ಲಿ ರೋಗಿಗಳ ರಕ್ತದಲ್ಲಿ ಡಿಎನ್‌ಎ ವಿರೋಧಿ ಪ್ರತಿಕಾಯಗಳಿರುವುದನ್ನು ಹಲವು ಪ್ರಯೋಗಾಲಯಗಳು ಪ್ರತ್ಯೇಕವಾಗಿ ಕಂಡುಕೊಂಡವು. 1967ರಲ್ಲಿ ಅವೇ ಪ್ರತಿಕಾಯಗಳನ್ನು ರೋಗಿಗಳ ಮೂತ್ರಪಿಂಡದಿಂದ ಬೇರ್ಪಡಿಸಿ ತೋರಿಸಲಾಯಿತು. ಬೇಲಿ ಹೊಲ ಮೇಯುತ್ತಿದೆ ಎಂಬುದಕ್ಕೆ ಹೀಗೆ ಸಾಕ್ಷ್ಯ ದೊರೆಯಿತು.

ಇದಕ್ಕಿಂತ ಮುಖ್ಯವಾದ ಪಾಠ ಬಂದದ್ದು 2003ರಲ್ಲಿ. ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ರಕ್ತದ ಮಾದರಿಗಳನ್ನು ವರ್ಷಗಟ್ಟಲೆ ಕಾಪಿಟ್ಟಿತ್ತು. ಮುಂದೆ ಲೂಪಸ್‌ಗೆ ಒಳಗಾದ 130 ಮಂದಿಯ ಹಳೆಯ ಮಾದರಿಗಳನ್ನು ಸಂಶೋಧಕರು ಪರೀಕ್ಷಿಸಿದಾಗ, ಶೇ 88ರಷ್ಟು ಜನರಲ್ಲಿ ರೋಗ ಪತ್ತೆಯಾಗುವ ಮೊದಲೇ, ಕೆಲವರಲ್ಲಿ ಒಂಬತ್ತು ವರ್ಷ ಮುಂಚಿತವಾಗಿಯೇ, ಸ್ವವಿರೋಧಿ ಪ್ರತಿಕಾಯಗಳು ಕಾಣಿಸಿಕೊಂಡಿದ್ದವು. ಅಂದರೆ ಲೂಪಸ್ ಒಂದು ದಿನ ಧುತ್ತೆಂದು ಎರಗುವ ಕಾಯಿಲೆಯಲ್ಲ. ಅದು ನಮಗೆ ಸಮಯ ಕೊಡುತ್ತದೆ. ಆ ಸಮಯವನ್ನು ನಾವು ಬಳಸಿಕೊಳ್ಳುತ್ತೇವೆಯೇ ಎಂಬುದಷ್ಟೇ ಪ್ರಶ್ನೆ.

ಆಮೇಲಿನ ಎರಡು ದಶಕಗಳಲ್ಲಿ ಚಿತ್ರ ಇನ್ನಷ್ಟು ಸ್ಪಷ್ಟವಾಗಿದೆ. ವೈರಾಣುಗಳ ವಿರುದ್ಧ ಹೋರಾಡಲು ಸ್ರವಿಸುವ ಇಂಟರ್‌ಫೆರಾನ್ ಎಂಬ ರಾಸಾಯನಿಕ ಅನೇಕ ಲೂಪಸ್ ರೋಗಿಗಳಲ್ಲಿ ವೈರಾಣುವಿಲ್ಲದೆಯೂ ಉಕ್ಕುತ್ತಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಕೋಶಗಳನ್ನು ಕೊಂದಾಗ ಅವುಗಳ ಒಳಗಿನ ವಸ್ತುಗಳು ಹೊರಬಿದ್ದು ಪ್ರತಿಕಾಯಗಳ ಕಣ್ಣಿಗೆ ಬೀಳುತ್ತವೆ. ಕಬ್ಬಿನ ಹೊಲದಿಂದ ಬಂದ ದಿನ ಆ ಯುವತಿಯ ರೋಗ ಕೆರಳುವುದಕ್ಕೆ ಕಾರಣ ಇದೇ. 2022ರಲ್ಲಿ ಕರೋಲಾ ವಿನುವೆಸಾ ಅವರ ತಂಡ, ಒಂದೇ ಒಂದು ಜೀನಿನ ದೋಷದಿಂದ ಬಾಲಕಿಯೊಬ್ಬಳಿಗೆ ಲೂಪಸ್ ಬಂದಿರುವುದನ್ನು ತೋರಿಸಿತು. ತನ್ನವರ ಮೇಲೆ ಎರಗದಂತೆ ಕಾವಲು ಪಡೆಯನ್ನು ಹದ್ದುಬಸ್ತಿನಲ್ಲಿಡುವ ವಿಶೇಷ ಟಿ ಕೋಶಗಳ ಕುರಿತ ಸಂಶೋಧನೆಗೆ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ 2025ರ ನೊಬೆಲ್ ಪ್ರಶಸ್ತಿ ಸಂದಿತು.

ಚಿಕಿತ್ಸೆಯ ಕಥೆಯೂ ಆಶಾದಾಯಕವೇ. 1950ರ ದಶಕದಲ್ಲಿ ಲೂಪಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕೈದು ವರ್ಷಗಳಲ್ಲಿ ಸಾವಿಗೀಡಾಗುತ್ತಿದ್ದರು. ಉತ್ತಮ ಆರೈಕೆ ದೊರೆಯುವ ಕಡೆ ಇಂದು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಮೊದಲು ಸ್ಟೀರಾಯ್ಡ್‌ಗಳು ಬಂದವು. ಸೈಕ್ಲೋಫಾಸ್ಫಮೈಡ್ ಮೂತ್ರಪಿಂಡವನ್ನು ಉಳಿಸುತ್ತದೆ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಧ್ಯಯನ 1986ರಲ್ಲಿ ತೋರಿಸಿತು. ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ ಆರು ಬಾರಿ ಕೊಟ್ಟರೆ ಸಾಕು, ಹೆಚ್ಚಿನ ಪ್ರಮಾಣ ಬೇಕಿಲ್ಲ ಎಂಬುದನ್ನು ಯುರೋಪಿನ ವೈದ್ಯರು 2002ರಲ್ಲಿ ಕಂಡುಕೊಂಡರು. ಮೈಕೋಫಿನೋಲೇಟ್ ಮಾತ್ರೆ ಇನ್ನೊಂದು ದಾರಿ ತೆರೆಯಿತು. ಬಿ ಕೋಶಗಳನ್ನು ಹತೋಟಿಗೆ ತರುವ ಬೆಲಿಮುಮ್ಯಾಬ್‌ಗೆ 2011ರಲ್ಲಿ ಲೂಪಸ್‌ಗೂ, 2020ರಲ್ಲಿ ಲೂಪಸ್‌ನಿಂದಾದ ಮೂತ್ರಪಿಂಡದ ಕಾಯಿಲೆಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಎಲ್ಲಕ್ಕಿಂತ ಬೆರಗಿನ ಸುದ್ದಿ ಜರ್ಮನಿಯ ಎರ್ಲಾಂಗನ್‌ನಿಂದ ಬಂತು. ಯಾವ ಔಷಧಕ್ಕೂ ಜಗ್ಗದ ಲೂಪಸ್‌ನಿಂದ ಬಳಲುತ್ತಿದ್ದ ಇಪ್ಪತ್ತು ವರ್ಷದ ಯುವತಿಗೆ ಅಲ್ಲಿನ ವೈದ್ಯರು 2021ರಲ್ಲಿ ಕಾರ್-ಟಿ ಚಿಕಿತ್ಸೆ ನೀಡಿದರು. ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಬಿ ಕೋಶಗಳನ್ನು ಬೇಟೆಯಾಡುವಂತೆ ಪಳಗಿಸಿ, ಮತ್ತೆ ದೇಹಕ್ಕೆ ಸೇರಿಸುವ ವಿಧಾನವಿದು. 2022ರಲ್ಲಿ ಆ ತಂಡ ಐವರು ರೋಗಿಗಳ ವಿವರ ಪ್ರಕಟಿಸಿತು. ಐವರಲ್ಲೂ ರೋಗ ಶಮನಗೊಂಡು, ಔಷಧಗಳನ್ನು ನಿಲ್ಲಿಸಲು ಸಾಧ್ಯವಾಗಿತ್ತು.

ಇವೆಲ್ಲ ದೂರದ ದೇಶಗಳ ಮಾತೆಂದು ಭಾವಿಸಬೇಕಿಲ್ಲ. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ರಕ್ತದ ಕ್ಯಾನ್ಸರ್‌ಗಾಗಿ ಸಿದ್ಧಪಡಿಸಿದ ಕಾರ್-ಟಿ ಚಿಕಿತ್ಸೆ 2025ರಲ್ಲಿ ಬಳಕೆಗೆ ಬಂತು. ಅದು ಗುರಿಯಿಡುವುದೂ ಬಿ ಕೋಶಗಳ ಮೇಲಿನ ಅದೇ ಗುರುತಿಗೆ. ಬೆಂಗಳೂರಿನದೇ ಬಯೋಕಾನ್, ಕ್ಯೂಬಾದ ಆಣ್ವಿಕ ರೋಗನಿರೋಧಶಾಸ್ತ್ರ ಕೇಂದ್ರದೊಂದಿಗೆ ಸೇರಿ ಇಟೊಲಿಜುಮ್ಯಾಬ್ ಎಂಬ ಔಷಧವನ್ನು ಅಭಿವೃದ್ಧಿಪಡಿಸಿ, 2013ರಲ್ಲಿ ಸೋರಿಯಾಸಿಸ್ ಚಿಕಿತ್ಸೆಗೆಂದು ಮಾರುಕಟ್ಟೆಗೆ ತಂದಿತ್ತು. ಟಿ ಕೋಶಗಳ ಮೇಲಿನ ಸಿಡಿ6 ಎಂಬ ಅಣುವನ್ನು ಅದು ತಡೆಯುತ್ತದೆ. ಲೂಪಸ್‌ನಲ್ಲಿ ಟಿ ಕೋಶಗಳು ಮೂತ್ರಪಿಂಡಕ್ಕೆ ನುಗ್ಗಲು ಈ ಅಣು ನೆರವಾಗುತ್ತದೆ ಎಂಬ ಸಂಶೋಧನೆಯ ಬೆನ್ನಲ್ಲೇ ಅಮೆರಿಕದ ಇಕ್ವಿಲಿಯಮ್ ಕಂಪನಿ ಇದೇ ಔಷಧವನ್ನು ಲೂಪಸ್ ರೋಗಿಗಳ ಮೇಲೆ ಪ್ರಯೋಗಿಸಿತು. ಹಲವರ ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಇಳಿಯಿತು. ಆದರೆ ಅದು ಸಣ್ಣ ಪ್ರಯೋಗ. ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲ. ಆದ್ದರಿಂದ ಅದನ್ನು ಸುಳಿವೆಂದು ಕರೆಯಬಹುದೇ ಹೊರತು ಸಾಬೀತಾದ ಚಿಕಿತ್ಸೆಯೆಂದಲ್ಲ.

ಬೆಂಗಳೂರಿನ ಪ್ರಯೋಗಾಲಯ ಇಷ್ಟು ದೂರ ಸಾಗಿರುವಾಗ ಬಾಡಗಂಡಿಯ ಸುತ್ತಲಿನ ಆ ಯುವತಿಯ ಪಾಡೇನು? ಅವಳನ್ನು ಉಳಿಸಬಲ್ಲ ಮೊದಲ ಸಾಧನ ಕಾರ್-ಟಿ ಅಲ್ಲ. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಕೆಲವೇ ರೂಪಾಯಿಗಳ ಒಂದು ಕಾಗದದ ಪಟ್ಟಿ. ಇದನ್ನು ಹಳ್ಳಿಗೆ ಹೊಸದಾಗಿ ತರಬೇಕಾಗಿಯೂ ಇಲ್ಲ. ಪ್ರತಿ ಬಸುರಿಯ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡುವುದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಿತ್ಯದ ಕೆಲಸ. ಕೀಲುನೋವು, ಬಿಸಿಲಿಗೆ ಕೆಂಪಾಗುವ ಮುಖ, ಬಾಯಿಹುಣ್ಣು, ಕೂದಲುದುರುವಿಕೆ, ಕಾರಣ ತಿಳಿಯದ ಜ್ವರ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರುವ ಯುವತಿಗೂ ಅದೇ ಪರೀಕ್ಷೆ ಮಾಡಿಸಬೇಕೆಂಬ ಒಂದು ಸಾಲಿನ ಸೂಚನೆ ಸಾಕು. ಲೂಪಸ್ ಇದೆಯೆಂದು ಗೊತ್ತಾದವರಿಗೆ ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ತಪ್ಪಬಾರದು. ರಕ್ತದ ಕ್ರಿಯಾಟಿನಿನ್ ಏರುವವರೆಗೆ ಕಾಯುವುದೆಂದರೆ ಅರ್ಧ ಹೊಲ ಬರಿದಾದ ಮೇಲೆ ಬೇಲಿಯ ಕಡೆ ನೋಡಿದಂತೆ.

ಎರಡನೆಯ ಸಾಧನವೂ ಅಗ್ಗದ್ದೇ. ಮಲೇರಿಯಾ ಔಷಧವಾಗಿ ಹೆಸರಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್ ಮತ್ತೆ ಮತ್ತೆ ಕೆರಳುವುದನ್ನು ತಗ್ಗಿಸುತ್ತದೆ, ಮೂತ್ರಪಿಂಡವನ್ನೂ ಕಾಯುತ್ತದೆ. ವೈದ್ಯರ ಸಲಹೆಯಂತೆ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳುತ್ತ ವರ್ಷಗಟ್ಟಲೆ ಇದನ್ನು ಸೇವಿಸಬಹುದು, ಬಸಿರಿನಲ್ಲೂ ನಿಲ್ಲಿಸಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಇದೇ ಮದ್ದೆಂಬ ಗುಲ್ಲೆದ್ದಾಗ ಆರೋಗ್ಯವಂತರು ಮಾತ್ರೆಗಳನ್ನು ಕೊಂಡು ಕೂಡಿಟ್ಟರು. ನಿಜಕ್ಕೂ ಬೇಕಾದ ಲೂಪಸ್ ರೋಗಿಗಳು ಔಷಧದ ಅಂಗಡಿಯಿಂದ ಅಂಗಡಿಗೆ ಅಲೆದರು. ಈ ಔಷಧದ ಬೆಲೆ ಅವರಿಗಷ್ಟೇ ಗೊತ್ತಿತ್ತು.

ಮೂರನೆಯದು ಬಯಾಪ್ಸಿ. ದಿನಕ್ಕೆ ಅರ್ಧ ಗ್ರಾಂ ಅಥವಾ ಅದಕ್ಕೂ ಹೆಚ್ಚು ಪ್ರೋಟೀನ್ ಸೋರುತ್ತಿದ್ದರೆ ಮೂತ್ರಪಿಂಡದ ಚೂರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಯಾವ ಚಿಕಿತ್ಸೆ, ಎಷ್ಟು ತೀವ್ರವಾಗಿ ಎಂಬುದು ಅದರ ಮೇಲೆ ನಿಂತಿದೆ. ಇದಕ್ಕಾಗಿ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನತ್ತ ಹೋಗುವ ರೋಗಿಗೆ ಬಸ್ಸಿನ ಟಿಕೆಟ್ಟಿಗಿಂತ ಕಳೆದುಹೋಗುವ ಕೂಲಿಯ ಲೆಕ್ಕ ದೊಡ್ಡದು. ಬಾಗಲಕೋಟೆ, ವಿಜಯಪುರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಬಾಡಗಂಡಿಯಲ್ಲಿಯೂ ಒಂದು ತಲೆಯೆತ್ತಿದೆ. ಮೂತ್ರಪಿಂಡ ತಜ್ಞರು ತಿಂಗಳಿಗೆ ಒಂದೆರಡು ದಿನವಾದರೂ ಇಂಥ ಕಡೆ ಕೂರುವಂತಾದರೆ, ತೆಗೆದ ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆಯಾದರೆ, ಪ್ರಯಾಣ ಮಾಡಬೇಕಾದದ್ದು ಮಾದರಿಯೇ ಹೊರತು ರೋಗಿಯಲ್ಲ.

ದೆಹಲಿ ಸಮೀಪದ ಹಳ್ಳಿಗಳ ಸಮೀಕ್ಷೆಯನ್ನು ಆಧರಿಸಿ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಲಕ್ಷಕ್ಕೆ ಸುಮಾರು ಮೂವರಿಗೆ ಲೂಪಸ್ ಇದೆಯೆಂದು ಅಂದಾಜಿಸಿತ್ತು. ಈ ಅಂಕಿಯನ್ನು ಹಿಡಿದು ಇದು ಅಪರೂಪದ ಕಾಯಿಲೆ ಎಂದು ಸುಮ್ಮನಾಗುವುದು ಸುಲಭ. ಆದರೆ ಹುಡುಕದ ಕಡೆ ಯಾವ ಕಾಯಿಲೆಯೂ ಅಪರೂಪವಾಗಿಯೇ ಕಾಣುತ್ತದೆ. ಹೊಸ ವೈದ್ಯಕೀಯ ಕಾಲೇಜುಗಳು ತಮ್ಮ ಸುತ್ತಲಿನ ಹಳ್ಳಿಗಳಲ್ಲಿ ಈ ಎಣಿಕೆಗೆ ಕೈಹಾಕಿದರೆ ಅದೂ ಸಂಶೋಧನೆಯೇ.

ಇದರ ಜೊತೆಗೆ ಮನೆಯೊಳಗಿನ ಮಾತೂ ಇದೆ. ಸ್ಟೀರಾಯ್ಡ್‌ನಿಂದ ಮುಖ ಊದಿಕೊಂಡ ಸೊಸೆಯನ್ನು ನೋಡಿ ನೆರೆಹೊರೆಯವರು ಆಡುವ ಮಾತಿಗೆ ಅಂಜಿ ಮಾತ್ರೆ ನಿಲ್ಲಿಸುವುದುಂಟು. ಮದುವೆ ಮುರಿದೀತೆಂದು ತವರುಮನೆಯವರು ಕಾಯಿಲೆ ಮುಚ್ಚಿಡುವುದುಂಟು. ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ರೋಗ ಕನಿಷ್ಠ ಆರು ತಿಂಗಳು ಶಾಂತವಾಗಿದ್ದು, ಗರ್ಭಕ್ಕೆ ಹಾನಿಮಾಡುವ ಮೈಕೋಫಿನೋಲೇಟ್‌ನಂಥ ಔಷಧಗಳನ್ನು ವೈದ್ಯರು ಮೊದಲೇ ಬದಲಿಸಿದರೆ, ಬಹುಪಾಲು ಮಹಿಳೆಯರು ತಾಯಂದಿರಾಗಬಲ್ಲರು. ತಿಳಿಸದೆ ಮಾತ್ರೆ ಬಿಟ್ಟರೆ ಮಾತ್ರ ಅಪಾಯ ತಪ್ಪಿದ್ದಲ್ಲ.

ಡಯಾಲಿಸಿಸ್ ಯಂತ್ರಗಳು ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿರುವುದು ಸ್ವಾಗತಾರ್ಹ. ಆದರೆ ವಾರಕ್ಕೆ ಎರಡು ಮೂರು ದಿನ, ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಬೀಳುವ ಬದುಕು ಕಾಯಿಲೆಯ ಕೊನೆಯ ಅಧ್ಯಾಯ. ಕೊನೆಯ ಅಧ್ಯಾಯಕ್ಕೆ ಹಣ ಹೊಂದಿಸಬಲ್ಲ ಸರ್ಕಾರಕ್ಕೆ ಮೊದಲ ಅಧ್ಯಾಯದ ಕಾಗದದ ಪಟ್ಟಿ ಭಾರವಾಗಲಾರದು. ವಿಜ್ಞಾನ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. ಆ ಇಪ್ಪತ್ತೆರಡರ ಯುವತಿಯ ಮೂತ್ರ ಪರೀಕ್ಷೆಯನ್ನು ಇಂದೇ ಮಾಡಿಸುವುದು ನಮ್ಮ ಪಾಲಿನದು.