ಗ್ರಂಥದ ಪರಿವಿಡಿ, ಯಂತ್ರದ ಅಕಾರಾದಿ

ಪ್ರಾಚೀನ ಕಾವ್ಯಗಳ ಸಂಪಾದಿತ ಆವೃತ್ತಿಗಳನ್ನು ಬಳಸುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಗ್ರಂಥದ ಮೊದಲಲ್ಲಿರುವ ಪರಿವಿಡಿಯೂ ಕೊನೆಯಲ್ಲಿರುವ ಪದ್ಯಗಳ ಅಕಾರಾದಿಯೂ ಪರಿಚಿತವೇ. ಗ್ರಂಥದಲ್ಲಿ ಏನೇನು ಯಾವ ಕ್ರಮದಲ್ಲಿದೆ ಎಂಬುದನ್ನು ಪರಿವಿಡಿ ತಿಳಿಸುತ್ತದೆ; ನೆನಪಿನಲ್ಲಿ ಉಳಿದ ಒಂದು ಸಾಲಿನ ಎಳೆ ಹಿಡಿದು ಬಂದವನನ್ನು ಅಕಾರಾದಿ ನೇರವಾಗಿ ಪುಟಕ್ಕೆ ಮುಟ್ಟಿಸುತ್ತದೆ. (ಮರಾಠಿಯಲ್ಲಿ ಪರಿವಿಡಿಯನ್ನು ‘ಅನುಕ್ರಮಣಿಕಾ’ ಎಂದೂ ಕೊನೆಯ ಪದಪಟ್ಟಿಯನ್ನು ‘ಸೂಚಿ’ ಎಂದೂ ಕರೆಯುತ್ತಾರೆ. ನಮ್ಮಲ್ಲಿ ಅನುಕ್ರಮಣಿಕೆ ಎಂಬ ಮಾತು ಎರಡಕ್ಕೂ ಸಲ್ಲುವುದರಿಂದ ಎರಡು ಭಾಷೆಗಳಲ್ಲಿ ಓದಿದವರಿಗೆ ಗೊಂದಲವಾಗುವುದುಂಟು.) ಗೂಗಲ್‌ನಂತಹ ಶೋಧಯಂತ್ರಗಳು ಕಟ್ಟಿಕೊಂಡಿರುವುದು ಈ ಎರಡನೆಯ ಬಗೆಯ ಪಟ್ಟಿಯನ್ನು.

ನಾವು ಕೇಳಿದ ಗಳಿಗೆಯಲ್ಲಿ ಶೋಧಯಂತ್ರವು ಜಗತ್ತಿನ ಪುಟಗಳನ್ನೆಲ್ಲ ತಿರುವಿಹಾಕುವುದಿಲ್ಲ. ಅದರ ಸಂಚಾರಿ ತಂತ್ರಾಂಶವು ಕೊಂಡಿಯಿಂದ ಕೊಂಡಿಗೆ ನಡೆದು ಪುಟಗಳನ್ನು ಮೊದಲೇ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. ಯಾವ ಕೊಂಡಿಯೂ ತಲುಪದ ಪುಟ ಅದರ ಕಣ್ಣಿಗೆ ಬೀಳುವುದು ದುರ್ಲಭ. ಇದಕ್ಕೆ ನೆರವಾಗಲೆಂದು ತಾಣದ ಪುಟಗಳ ವಿಳಾಸಗಳನ್ನು ಒಂದೇ ಕಡತದಲ್ಲಿ ಪಟ್ಟಿಮಾಡಿಡುವ ‘ಸೈಟ್‌ಮ್ಯಾಪ್’ ಎಂಬ ಏರ್ಪಾಡಿದೆ. ಗೂಗಲ್ 2005ರಲ್ಲಿ ಆರಂಭಿಸಿದ ಈ ಪದ್ಧತಿಯನ್ನು ಮರುವರ್ಷವೇ ಯಾಹೂ, ಮೈಕ್ರೋಸಾಫ್ಟ್ ಸಂಸ್ಥೆಗಳೂ ಒಪ್ಪಿಕೊಂಡವು. ಪರಿವಿಡಿಗೆ ಸಮನಾದುದು ಇದು.

ಕನ್ನಡ ವಿದ್ಯಾರ್ಥಿಗಳಿಗೆ ಇದರ ಗೊಡವೆ ಏಕೆ? ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಬೀಸುವ ಪದಗಳನ್ನು ಬಲ್ಲ ತಾಯಂದಿರು ಇಂದು ವೃದ್ಧರು. ಅವರ ಮೊಮ್ಮಕ್ಕಳಲ್ಲಿ ಅನೇಕರು ಮರಾಠಿ ಮಾಧ್ಯಮದಲ್ಲಿ ಓದಿ ಪುಣೆ, ಮುಂಬಯಿಗಳಲ್ಲಿ ನೆಲೆಸಿದ್ದಾರೆ. ಅಜ್ಜಿಯ ಹಾಡಿನ ಅರ್ಧ ಸಾಲು ನೆನಪಾಗಿ ಹುಡುಕುವ ಮೊಮ್ಮಗಳಿಗೆ, ನೀವು ಸಂಗ್ರಹಿಸಿದ ಹಾಡು ಜಾಲದಲ್ಲಿದ್ದೂ ಸಿಗದಿದ್ದರೆ ಆ ಶ್ರಮವೆಲ್ಲ ಯಾರಿಗಾಗಿ?

ನೆರೆಯ ಮರಾಠಿಯಲ್ಲಿ ಇದಕ್ಕೊಂದು ಮಾದರಿಯಿದೆ. ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತೆವಾಂ ಅವರು ತಮ್ಮ ಸಂಗಡಿಗರೊಡನೆ ಹಳ್ಳಿಗಳನ್ನು ಸುತ್ತಿ ಸಂಗ್ರಹಿಸಿದ ಬೀಸುಕಲ್ಲಿನ ಓವಿಗಳು ಒಂದು ಲಕ್ಷವನ್ನು ಮೀರುತ್ತವೆ. ‘ಪರಿ’ ಎಂಬ ಗ್ರಾಮೀಣ ಭಾರತದ ಜಾಲಪತ್ರಿಕೆಯು ಅವುಗಳನ್ನು ಪ್ರಕಟಿಸುತ್ತ ಬಂದಿದೆ. ಹಾಡಿದವರ ಹೆಸರು, ಹಳ್ಳಿ, ತಾಲೂಕು, ಜಿಲ್ಲೆ ಇವನ್ನು ಹಾಡಿನ ಜೊತೆಯಲ್ಲಿಯೇ ಅಕ್ಷರರೂಪದಲ್ಲಿ ಕೊಟ್ಟಿರುವುದು ಅಲ್ಲಿಯ ವೈಶಿಷ್ಟ್ಯ. ಹಳ್ಳಿಯ ಹೆಸರಿನಿಂದ ಹೊರಟವರೂ ಹಾಡಿಗೆ ತಲುಪಬಲ್ಲರು.

ನಮ್ಮ ಸಂಗ್ರಹಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಮುನ್ನೂರು ಹಾಡುಗಳನ್ನು ಒಂದೇ ಉದ್ದನೆಯ ಪುಟದಲ್ಲಿ ಸುರಿಯುವುದಕ್ಕಿಂತ ಹಾಡಿಗೊಂದು ಪುಟವಿರುವುದು ಲೇಸು. ಪ್ರತಿ ಪುಟಕ್ಕೂ ತನ್ನದೇ ಶೀರ್ಷಿಕೆ ಬೇಕು. ಎಲ್ಲ ಪುಟಗಳ ನೆತ್ತಿಯ ಮೇಲೂ ‘ಜಾನಪದ ಸಂಗ್ರಹ’ ಎಂದಿದ್ದರೆ ಓದುಗನಿಗೂ ಯಂತ್ರಕ್ಕೂ ಒಂದು ಇನ್ನೊಂದರಿಂದ ಬೇರೆಯೆನಿಸದು. ವಚನಗಳಿಗೆ ಶೀರ್ಷಿಕೆಯೇ ಇಲ್ಲವಲ್ಲ ಎಂದರೆ, ಮೊದಲ ಸಾಲು ಮತ್ತು ವಚನಕಾರರ ಹೆಸರು ಸಾಕು. ಅಂಕಿತವು ಪಠ್ಯದೊಳಗೇ ಇರುತ್ತದೆ; ಶರಣರು ಶೋಧಕರಿಗೆ ಆ ಉಪಕಾರವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಮಾಡಿಟ್ಟಿದ್ದಾರೆ!

ಊರಿನ ಹೆಸರುಗಳಲ್ಲಿ ಎಚ್ಚರ ಬೇಕು. ಸಿದ್ಧರಾಮನ ಸೊನ್ನಲಿಗೆ, ನಮ್ಮ ಮಾತಿನ ಸೊಲ್ಲಾಪುರ, ಮರಾಠಿಯ ಪ್ರಭಾವದ ಸೋಲಾಪುರ ಇವು ಒಂದೇ ಊರೆಂದು ಯಂತ್ರವು ಪ್ರತಿ ಸಲವೂ ಅರಿಯುತ್ತದೆಂದು ನಂಬಿ ಕೂರಲಾಗದು. ಪೀಠಿಕೆಯ ಒಂದು ವಾಕ್ಯದಲ್ಲಿ ಮೂರನ್ನೂ ಸಹಜವಾಗಿ ತಂದರೆ ಸಾಕು. ವಿಭಕ್ತಿ ಪ್ರತ್ಯಯಗಳ ಮಾತೂ ಹೀಗೆಯೇ. ‘ಅಕ್ಕಲಕೋಟೆಯಲ್ಲಿನ’ ಎಂದಷ್ಟೇ ಬರೆಯದೆ ಶೀರ್ಷಿಕೆಯಲ್ಲಿ ಪ್ರಕೃತಿರೂಪವನ್ನು ಇಡುವುದು ಉಚಿತ.

ಎಲ್ಲಕ್ಕಿಂತ ದೊಡ್ಡ ತೊಡಕು ಲಿಪಿಸಂಕೇತದ್ದು. ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಬರಹ ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಹಾಗೂ ಚಿಹ್ನೆಗಳ ಸಂಕೇತಗಳೇ ಇರುತ್ತವೆ. ಯಂತ್ರ ಓದುವುದು ಒಳಗಿನದನ್ನು. ಅಂತಹ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ತಿದ್ದಿದ ಮೇಲೆಯೇ ಏರಿಸಬೇಕು. ಕೈಬರಹದ ಪುಟಗಳ ಛಾಯಾಚಿತ್ರಗಳು ದಾಖಲೆಗೆ ಅಮೂಲ್ಯ; ಆದರೆ ಜೊತೆಗೆ ಬೆರಳಚ್ಚಿನ ಪಠ್ಯ ಇರಲೇಬೇಕು.

ಗಡಿಯ ಕಾಲೇಜುಗಳಿಗೆ ವಿಶೇಷವಾದುದು ಇನ್ನೊಂದಿದೆ. ಗೂಗಲ್ ಪುಟದ ಭಾಷೆಯನ್ನು ಕಣ್ಣಿಗೆ ಕಾಣುವ ಪಠ್ಯದಿಂದಲೇ ನಿರ್ಧರಿಸುತ್ತದೆ. ಒಂದೇ ಪುಟದಲ್ಲಿ ಸಾಲಿಗೊಂದರಂತೆ ಕನ್ನಡ, ಮರಾಠಿಗಳನ್ನು ಹೆಣೆದರೆ ಅದು ಯಾವ ಭಾಷೆಯ ಪುಟವೆಂಬುದು ಅಸ್ಪಷ್ಟವಾಗುತ್ತದೆ. ಮೂಲಕ್ಕೊಂದು, ಅನುವಾದಕ್ಕೊಂದು ಪುಟ ಮಾಡಿ ಪರಸ್ಪರ ಕೊಂಡಿ ಹಾಕುವುದು ಮೇಲು.

ಪುಟವನ್ನು ಏರಿಸಿ ಕೆಲವು ವಾರ ಕಳೆದ ಬಳಿಕ, ಹಾಡಿನ ನಡುವಿನ ನಾಲ್ಕೈದು ಪದಗಳನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟು ಹುಡುಕಿ ನೋಡಿರಿ. ಸಿಗದಿದ್ದರೆ ಮೊದಲು ಲಿಪಿಸಂಕೇತವನ್ನು, ಆಮೇಲೆ ಕೊಂಡಿಗಳನ್ನು ಪರಿಶೀಲಿಸಿರಿ.